ಎರಡು ಥಪ್ಪಿ ಉಸಿರು

"ಈ ಮಷೀನ ಯಾವ ಸೂಳೆಮಗ ನಿಂದ್ರಸ್ಯಾನ?"

ಮುಕಾದಮ ಕಾಶಪ್ಪ ಕೇಳಿದ್ದು ಯಾರನ್ನೂ ಅಲ್ಲ. ಶೆಡ್ಡಿನ ತಗಡಿನ ಕಡೆ ಮುಖ ಎತ್ತಿ, ಮೇಲಿರುವ ಯಾವನೋ ಒಬ್ಬನನ್ನು ಕೇಳಿದ ಹಾಗೆ ಕೇಳಿದ. ನಾಲ್ಕು ಪಾಲಿಶ್ ಮಷೀನುಗಳಲ್ಲಿ ಮೂರು ಗರಗರ ತಿರುಗುತ್ತಿದ್ದವು. ಮೂಲೆಯದು ಮಾತ್ರ ಬಾಯಿ ಮುಚ್ಚಿಕೊಂಡು ನಿಂತಿತ್ತು. ಅದರ ಪಕ್ಕದ ಕಂಬಕ್ಕೆ ಕಟ್ಟಿದ ಸೀರೆಯ ಜೋಳಿಗೆಯೊಳಗೆ ತಲೆ ಹಾಕಿ, ಏಳು ತಿಂಗಳ ಮಗಳ ಎದೆಗೆ ಕಿವಿಯಿಟ್ಟು ಈರಮ್ಮ ಕೂತಿದ್ದಳು. ರೆಪ್ಪೆಯ ಕೂದಲಿನವರೆಗೂ ಕಲ್ಲಿನ ಹಿಟ್ಟು.

"ನಾನೇ ನಿಂದ್ರಸೀನ್ರಿ," ಅಂದಳು ತಲೆ ತೆಗೆಯದೆ. "ಕೂಸಿನ ಉಸರು ಕೇಳಬೇಕಾಗಿತ್ತು."

"ಉಸರು ಕೇಳಾಕ ಮಷೀನ ನಿಂದ್ರಸ್ತಿ? ನಿಮ್ಮಪ್ಪ ತಂದಿಟ್ಟಾನೇನ ಇದನ್ನ?"

"ಪಕ್ಕಡಿ ಎಲುಬು ಹಾರಾಕತ್ತಾವ್ರಿ ಅಣ್ಣಾರ. ಮೂಗಿನ ಹೊಳ್ಳಿ ಹ್ಯಾಂಗ ಅರಳಾಕತ್ತಾವ ನೀವೇ ನೋಡ್ರಿ. ಬೆಳಗಿಂದ ಮಲಿ ಹಿಡದಿಲ್ಲ. ಗೇಟ ತೆಗೀರಿ, ದವಾಖಾನಿಗಿ ಹೋಗ್ತೀನಿ."

ಸಮ್ಮೆ ಹದಿನೆಂಟನೆಯ ದಿನಕ್ಕೆ ಬಿದ್ದಿತ್ತು. ಬೇರೆ ತೆಲಂಗಾಣ ರಾಜ್ಯ ಬರುವವರೆಗೆ ಬಸ್ಸು ಓಡಬಾರದು, ಶಾಲೆ ತೆರೆಯಬಾರದು, ಕಚೇರಿಯ ಬೀಗ ತೆಗೆಯಬಾರದು ಎಂದು ಸಕಲ ಜನ ಕೂಡಿ ಹೂಡಿದ ಮುಷ್ಕರ. ಗಣಿಯವರೂ ಕೈ ಕಟ್ಟಿ ಕೂತದ್ದರಿಂದ ಕಲ್ಲಿದ್ದಲು ಬರದೆ, ಕರೆಂಟು ದಿನಕ್ಕೆ ಮೂರು ತಾಸು ಬಂದರೆ ಹೆಚ್ಚು. ತಾಂಡೂರಿನ ಸುತ್ತಲಿನ ಕಲ್ಲಿನ ಫ್ಯಾಕ್ಟರಿಗಳೆಲ್ಲ ಮುಚ್ಚಿದ್ದವು. ಯಾಲಾಲ್ ದಾರಿಯಿಂದ ಅರ್ಧ ಮೈಲಿ ಒಳಗೆ, ತೊಗರಿ ಹೊಲಗಳ ನಡುವೆ ಇದ್ದ ಧನರಾಜ ಸಾವ್ಕಾರನ ಫ್ಯಾಕ್ಟರಿಯೂ ಮುಚ್ಚಿತ್ತು, ನೋಡುವವರ ಕಣ್ಣಿಗೆ. ಗೇಟಿಗೆ ಸರಪಳಿ, ಸರಪಳಿಗೆ ಮುಷ್ಟಿ ಗಾತ್ರದ ಬೀಗ, ಅದರ ಮೇಲೆ "ಸಮ್ಮೆಗೆ ನಮ್ಮ ಬೆಂಬಲ" ಎಂದು ಬರೆದ ಬಟ್ಟೆ. ಒಳಗೆ ಹನ್ನೊಂದು ಜನ ಆಳು. ಕರೆಂಟು ಬಂದಾಗ ಒಳಗೆ ದೂಡಿ ಬೀಗ ಜಡಿದರೆ, ಮತ್ತೆ ತೆಗೆಯುವುದು ಕರೆಂಟು ಹೋದ ಮೇಲೆ. ಬೀಗದ ಕೈ ಕಾಶಪ್ಪನ ಉಡಿದಾರದಲ್ಲಿ. ಸಾವ್ಕಾರ ಬೆಳಿಗ್ಗೆಯಿಂದ ಸಂಜೆಯವರೆಗೆ ದೊಡ್ಡ ರಸ್ತೆಯ ನಾಕಾದ ಪೆಂಡಾಲಿನಲ್ಲಿ ಕೊರಳಿಗೆ ಹಾರ ಹಾಕಿಕೊಂಡು ಸರದಿ ಉಪವಾಸ ಕೂತಿರುತ್ತಿದ್ದ.

"ಗೇಟ ತೆಗದ್ರ ಸಮ್ಮಿ ಪೋರಗೋಳ ಕಣ್ಣಿಗಿ ಬೀಳ್ತದ. ಕರಂಟ ಹೋಗೂ ತನ ಯಾವ ರಂಡೀನೂ ಹೊರಗ ಕಾಲಿಡಂಗಿಲ್ಲ," ಅಂದ ಕಾಶಪ್ಪ. ಜೋಳಿಗೆಯೊಳಗೆ ಇಣುಕಿದ. "ಏನಂತ ಹೆಸರಿಟ್ಟೀರಿ ಇದಕ? ಮಂದಾರ? ತಿಪ್ಪಿ ಮ್ಯಾಲಿನ ಎಕ್ಕಿಗಿಡಕ್ಕ ಮಂದಾರ ಅಂತ ಹೆಸರ. ಏಳು, ಮಷೀನ ಚಾಲೂ ಮಾಡು. ಕರಂಟ ಹ್ವಾದ್ರ ನಾಳಿಗೇ ಬರೋದು. ಕೂಸು ಹ್ವಾದ್ರ ವರ್ಸಕ್ಕೊಂದು ಬರ್ತದ ನಿಮಗ."

ಈರಮ್ಮ ಏಳಲಿಲ್ಲ. ಕಾಶಪ್ಪ ಅವಳ ತುರುಬು ಹಿಡಿದು ಎತ್ತಿ, ಎಡಗೆನ್ನೆಗೆ ಬಾರಿಸಿದ. ರಾಡಿಯಲ್ಲಿ ಕಾಲು ಜಾರಿ ಅವಳು ಕಲ್ಲಿನ ಅಂಚಿಗೆ ಬಿದ್ದಳು. ಹುಬ್ಬು ಸೀಳಿ, ಬಿಳಿ ಹಿಟ್ಟಿನ ಮೇಲೆ ರಕ್ತ ಗೆರೆ ಕೊರೆಯಿತು. ಉಳಿದ ಆಳುಗಳು ತಮ್ಮ ತಮ್ಮ ಕಲ್ಲು ನೋಡಿಕೊಂಡು ನಿಂತರು.

ಆಚೆ ಬದಿಯಲ್ಲಿ ಕಲ್ಲು ಕೊಯ್ಯುತ್ತಿದ್ದ ಮೊಗಲಪ್ಪ ಹೆಂಡತಿಯನ್ನು ನೋಡಿದ, ಜೋಳಿಗೆಯನ್ನು ನೋಡಿದ. ಕಲ್ಲೊಡೆಯುವ ದೊಡ್ಡ ಸುತ್ತಿಗೆ ಎತ್ತಿಕೊಂಡು ಗೇಟಿನ ಕಡೆ ನಡೆದ. ಮೂರನೆಯ ಏಟಿಗೆ ಸರಪಳಿಯ ಕೊಂಡಿ ಬಾಯಿ ಬಿಟ್ಟಿತು. ನಾಲ್ಕನೆಯ ಏಟಿಗೆ ಅವನು ಕೈ ಎತ್ತುವಷ್ಟರಲ್ಲಿ ಕಾಶಪ್ಪ ಎತ್ತಿಕೊಂಡು ಬಂದ ಕಬ್ಬಿಣದ ನೀರಿನ ಪೈಪು ಅವನ ಬಲಗೈ ಬೆರಳುಗಳ ಮೇಲೆ ಬಿತ್ತು. ಒಣ ತೊಗರಿಕಟ್ಟಿಗೆ ಮುರಿದಂಥ ಸದ್ದು. ಮೊಗಲಪ್ಪ ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡು ನಾಲ್ಕನೆಯ ಏಟನ್ನೂ ಹಾಕಿದ. ಆಮೇಲೆ ತಿರುಗಿ ಕಾಶಪ್ಪನನ್ನು ನೋಡಿದ. ಸುತ್ತಿಗೆ ಇನ್ನೂ ಕೈಯಲ್ಲೇ ಇತ್ತು.

ಕಾಶಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಗೇಟು ತೆರೆಯಿತು.

*

ಅವರು ಕಂಗ್ಟಿ ಕಡೆಯಿಂದ ಕೂಲಿಗೆ ಬಂದವರು. ಫ್ಯಾಕ್ಟರಿಯ ಬೆನ್ನಿಗೆ ರಾಡಿ ಒಣಗಿ ಗುಡ್ಡೆಯಾದ ಜಾಗದಲ್ಲಿ ಗುಡಿಸಲು. ಗಾಳಿ ಬಿಟ್ಟರೆ ಗುಡ್ಡೆಯೇ ಎದ್ದು ಮನೆಯೊಳಗೆ ಬರುತ್ತಿತ್ತು. ರೊಟ್ಟಿ ಬಡಿಯುವಾಗ ಜೋಳದ ಹಿಟ್ಟು ಯಾವುದು, ಕಲ್ಲಿನ ಹಿಟ್ಟು ಯಾವುದು ಎಂದು ನಾಲಗೆಗೇ ತಿಳಿಯಬೇಕು.

ಈರಮ್ಮನ ಅತ್ತೆ ಸುಗಲಾಬಾಯಿ ಮೊಮ್ಮಗಳ ಅಂಗಿ ಬಿಚ್ಚಿ ನೋಡಿದಳು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಕುಳಿ ಬೀಳುತ್ತಿತ್ತು, ಒಳಗಿನಿಂದ ಯಾರೋ ಚರ್ಮ ಜಗ್ಗಿದ ಹಾಗೆ.

"ಡಬ್ಬಾ ಬ್ಯಾನಿ ಆಗೇದ, ಎದಿ ಕಟ್ಟೇದ," ಅಂದಳು ಮುದುಕಿ. "ಇದಕ್ಕ ಸೂಜಿ-ಪೀಜಿ ನಡೆಯಂಗಿಲ್ಲ. ಬರಿ ಹಾಕಬೇಕು. ಬಳಿ ಚೂರು ತಾ."

"ಅತ್ತಿ, ದವಾಖಾನಿಗಿ ಹೋಗೂಣ."

"ಯಾತರ ಮ್ಯಾಲ ಹೋಗ್ತಿ? ಬಸ್ಸಿಲ್ಲ, ಆಟೋ ಇಲ್ಲ. ಹದಿನಾಲ್ಕು ಕಿಲೋಮೀಟರ ಅದ. ದಾರ್ಯಾಗ ಜೀವ ಹ್ವಾದ್ರ? ನಿನ್ನ ಗಂಡಗೂ ಹಿಂಗ ಆಗಿತ್ತು, ಎಂಟು ತಿಂಗಳದಾಂವ ಇದ್ದಾಗ. ನೋಡು, ಹೊಟ್ಟಿ ಮ್ಯಾಲ ಇನ್ನಾ ಅದಾವ ಮೂರು ಗುರ್ತು. ಸತ್ತಾನೇನ?"

ಮೊಗಲಪ್ಪ ಬಲಗೈಗೆ ಸೀರೆಯ ಚೂರು ಸುತ್ತಿಕೊಂಡು ಬಾಗಿಲಲ್ಲಿ ಕೂತಿದ್ದ. ಅವನ ಎಡಗೈ ಹೊಟ್ಟೆಯ ಮೂರು ಗುರುತುಗಳ ಮೇಲೆ ಆಡಿತು.

ಚಿಮಣಿಯ ಉರಿಯಲ್ಲಿ ಬಳೆಚೂರು ಕೆಂಪಾಯಿತು. ಸುಗಲಾಬಾಯಿ ಅದನ್ನು ಇಕ್ಕಳದಲ್ಲಿ ಹಿಡಿದು, ಶ್ರೀಶೈಲದ ಕಡೆ ಮುಖ ಮಾಡಿ ಮಲ್ಲಯ್ಯನನ್ನು ನೆನೆದಳು. "ಕಾಲು ಹಿಡಿ," ಅಂದಳು. ಈರಮ್ಮ ಹಿಡಿದಳು. ತನ್ನ ಎರಡು ಕೈಯಿಂದ, ಗಟ್ಟಿಯಾಗಿ, ಕೂಸು ಒದೆಯದ ಹಾಗೆ.

ಮೊದಲ ಬರೆಗೆ ಮಂದಾರ ಕಿರುಚಿದಳು. ಎರಡನೆಯದಕ್ಕೆ ಕೊರಳಿನಿಂದ ಸಣ್ಣ ಎಳೆಯಂಥ ದನಿ. ಮೂರನೆಯದಕ್ಕೆ ಬಾಯಿ ತೆರೆಯಿತು, ಮುಖ ಹಿಂಡಿತು, ಸದ್ದು ಮಾತ್ರ ಬರಲಿಲ್ಲ. ತುಟಿಯ ಸುತ್ತ ನೇರಳೆ ಹಣ್ಣು ತಿಂದಂಥ ಬಣ್ಣ ಏರತೊಡಗಿತು. ಸುಗಲಾಬಾಯಿಯ ಕೈ ಅಲ್ಲೇ ನಿಂತಿತು. "ನಿನಗೂ ಹಿಂಗೇ ಮಾಡಿದ್ನಲ್ಲೋ ಮೊಗಲ್ಯಾ," ಅಂದಳು ಮಗನ ಕಡೆ ತಿರುಗಿ. "ನೀ ಅತ್ತಿದ್ದಿ. ಹೊತ್ತು ಮುಣಗೂ ತನ ಅತ್ತಿದ್ದಿ."

ಈರಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ನಡೆದಾಗಿತ್ತು. ತಾಯಿ ಮಗ ಇಬ್ಬರೂ ಅವಳ ಹಿಂದೆ ಓಡಿದರು.

*

ನಾಕಾದಲ್ಲಿ ಜಾಲಿಮುಳ್ಳು, ಕಲ್ಲು, ಉರಿಯುವ ಟೈರು. ಅಡ್ಡಗಟ್ಟಿದ ಹುಡುಗರ ಮುಂದೆ ನಿಂತಿದ್ದವನು ಮಿಲಿಂದ್. ಕರೆಂಟು ಆಫೀಸಿನ ನೌಕರ, ಹದಿನೆಂಟು ದಿನದಿಂದ ಕೆಲಸ ಬಿಟ್ಟು ರಸ್ತೆಯಲ್ಲೇ ಇದ್ದವನು. ಅವನು ಕೈ ಅಡ್ಡ ಹಿಡಿದ. ಆಮೇಲೆ ಸೆರಗಿನೊಳಗಿನ ಕೂಸಿನ ತುಟಿ ನೋಡಿದ. ಹಿಡಿದ ಕೈ ಕೆಳಗೆ ಬಂತು.

"ಮುಳ್ಳು ಸರಸ್ರೋ. ಕೂಸಿಗಿ ದಾರಿ ಬಿಡ್ರಿ." ತನ್ನ ಮೋಟರ್ ಸೈಕಲ್ಲಿಗೆ ಕೀಲಿ ಹಾಕುತ್ತ ಮೊಗಲಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮೈ ಮ್ಯಾಲ ಹಸಿ ಹಿಟ್ಟು ಹ್ಯಾಂಗ ಬಂತು? ಫ್ಯಾಕ್ಟರಿ ಬಂದ್ ಆಗಿ ಮೂರು ವಾರ ಆತು."

ಹತ್ತು ಮಾರು ದೂರದ ಪೆಂಡಾಲಿನಲ್ಲಿ ಧನರಾಜ ಸಾವ್ಕಾರ ಗಾದಿಗೆ ಒರಗಿ ಕೂತಿದ್ದ. "ಯಾರೋ ಕೂಲಿ ಜನ, ಹೋಗ್ಲಿ ಬಿಡ್ರೆಪ್ಪ. ಪಾಪ, ಹೈರಾಣಾಗ್ಯಾರ," ಅಂದ ಅಲ್ಲಿಂದಲೇ.

ಮೊಗಲಪ್ಪ ಬಟ್ಟೆ ಸುತ್ತಿದ ಕೈಯನ್ನೇ ಎತ್ತಿ ಪೆಂಡಾಲಿನ ಕಡೆ ತೋರಿಸಿದ. "ಅವರ ಫ್ಯಾಕ್ಟರಿ. ದಿನಾ ನಡೀತದ. ಹೊರಗಿನವರಿಗಿ ಕಾಣೂ ಹಂಗ ಬೀಗ ಹಾಕ್ತಾರ, ಒಳಗ ನಾವಿರ್ತೀವಿ."

ಹುಡುಗರೆಲ್ಲ ಪೆಂಡಾಲಿನ ಕಡೆ ತಿರುಗಿದರು. ಟೈರು ಚಟಚಟ ಉರಿಯುತ್ತಿತ್ತು.

"ಆ ಲೈನಿನ ಮ್ಯಾಲ ಇಷ್ಟು ಲೋಡ ಎಲ್ಲಿಂದ ಬೀಳಾಕತ್ಯಾದ ಅಂತ ನಮ್ಮ ಆಫೀಸಿನವರು ನಾಲ್ಕು ದಿನದಿಂದ ತಲಿ ಕೆರಕೊಳ್ಳಾಕತ್ಯಾರ," ಅಂದ ಮಿಲಿಂದ್. ಈರಮ್ಮನನ್ನು ಹಿಂದೆ ಕೂಡಿಸಿಕೊಂಡು ಹೊರಡುವ ಮುನ್ನ ತನ್ನ ಹುಡುಗರ ಕಡೆ ನೋಡಿದ. ಅವರಿಗೆ ಅಷ್ಟು ಸಾಕಾಗಿತ್ತು.

*

ಸರಕಾರಿ ದವಾಖಾನೆಯಲ್ಲಿ ತುರ್ತು ವಾರ್ಡು ಮಾತ್ರ ತೆರೆದಿತ್ತು. ನರ್ಸು ಪ್ರೇಮಲಾ ಕೂಸಿನ ಮೂಗಿಗೆ ನಳಿಕೆ ಹಚ್ಚಿ, ಆಮ್ಲಜನಕ ಬಿಟ್ಟು, ಕೈಗೆ ಸೂಜಿ ಚುಚ್ಚಿ, ಆಮೇಲೆ ಅಂಗಿ ಎತ್ತಿದಳು. ಮೂರು ಬರೆ ಉಬ್ಬಿ ನೀರು ತುಂಬಿದ್ದವು.

"ಯಾರು ಸುಟ್ಟಾರ ಇದನ್ನ?"

ಮೋಟರ್ ಸೈಕಲ್ಲಿನ ಎರಡನೆಯ ಸುತ್ತಿಗೆ ಬಂದಿಳಿದಿದ್ದ ಸುಗಲಾಬಾಯಿ ಕೈಯನ್ನು ಸೆರಗಿನೊಳಗೆ ತೆಗೆದುಕೊಂಡಳು.

"ನಾವೇ ರಿ," ಅಂದಳು ಈರಮ್ಮ.

"ಇದರ ಎದಿಯಾಗ ಸೋಂಕು ತುಂಬ್ಯಾದ. ಮ್ಯಾಲ ಸುಟ್ರ ಒಳಗಿಂದು ಆರ್ತದೇನ? ಒಲಿ ಮ್ಯಾಲಿನ ಹಾಲೇನ ಅದು?" ಪ್ರೇಮಲಾ ಹತ್ತಿ ಸುತ್ತಿದ ಕಡ್ಡಿಯಿಂದ ಕೂಸಿನ ಮೂಗು ಒರೆಸಿದಳು. ಹತ್ತಿಗೆ ಬೂದು ಬಣ್ಣದ ಗೋಂದಿನಂಥದ್ದು ಹತ್ತಿ ಬಂತು. ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ ನೋಡಿದಳು. ಚರಚರ ಅಂದಿತು. "ನೀ ಏನ್ ಕೆಲಸ ಮಾಡ್ತಿ?"

"ಕಲ್ಲು ಪಾಲಿಶ್ ರಿ."

"ಕೂಸು ಎಲ್ಲಿರ್ತದ?"

"ಅಲ್ಲೇ. ಮಷೀನಿನ ಬಾಜೂಕ."

ಪ್ರೇಮಲಾ ಮುಂದೆ ಬೈಯಲಿಲ್ಲ. ಗೋಡೆಯ ಗಡಿಯಾರ ತೋರಿಸಿದಳು. "ಆ ಕೆಂಪು ಮುಳ್ಳು ಒಂದು ಸುತ್ತು ಬರೂದ್ರಾಗ ಕೂಸಿನ ಎದಿ ಎಷ್ಟು ಸಲ ಏಳ್ತದ ಎಣಸಬೇಕು. ಸಮ್ಮಿಗಿ ಹೋಗಿ ಇಲ್ಲಿ ಅರ್ಧ ಜನ ಇಲ್ಲ. ನೀನೇ ನೋಡಬೇಕು."

"ನಂಗ ಇಪ್ಪತ್ತರ ಮುಂದ ಬರಂಗಿಲ್ರಿ ಸಿಸ್ಟರಮ್ಮ."

"ಮತ್ತ ಕಲ್ಲು ಹ್ಯಾಂಗ ಎಣಸ್ತಿ?"

"ಇಪ್ಪತ್ತು ಕಲ್ಲಿಗಿ ಒಂದು ಥಪ್ಪಿ. ಥಪ್ಪಿ ಲೆಕ್ಕ ಹಿಡೀತೀನಿ."

"ಹಂಗೇ ಹಿಡಿ. ಎರಡೂವರಿ ಥಪ್ಪಿ ಒಳಗ ಬಂದ್ರ ಕೂಸು ನಿನ್ನ ಕೈಗಿ ಬಂತು ಅಂತ ತಿಳಿ. ಅಲ್ಲಿ ತನ ಏನಂದ್ರೂ ಇಲ್ಲಿಂದ ಏಳಬ್ಯಾಡ."

ಈರಮ್ಮ ಎಣಿಸಿದಳು. ಮೂರು ಥಪ್ಪಿ ಮೇಲೆ ಹದಿನಾಲ್ಕು.

ಎರಡನೆಯ ದಿನ ಮೂರು ಥಪ್ಪಿ ಮೇಲೆ ಆರು. ಸಂಜೆಗೆ ಹಣೆ ತಣ್ಣಗಾಯಿತು, ಕೂಸು ಉಚ್ಚೆ ಹೊಯ್ದು ತೊಡೆಯ ಕೆಳಗಿನ ಬಟ್ಟೆ ಒದ್ದೆಯಾಯಿತು. ಒದ್ದೆ ಬಟ್ಟೆಯನ್ನು ಹಿಡಿದುಕೊಂಡು ಸುಗಲಾಬಾಯಿ ವಾರ್ಡಿನವರಿಗೆಲ್ಲ ತೋರಿಸಿ ಬಂದಳು, ಯಾರದೋ ಮದುವೆಯ ಸೀರೆ ತೋರಿಸುವ ಹಾಗೆ. ಆದರೆ ಮೊಲೆ ಹಿಡಿಯಲಿಲ್ಲ. ತುಟಿಗೆ ಹಚ್ಚಿದರೆ ಮುಖ ತಿರುವಿ ಉಸಿರಿಗಾಗಿ ಬಾಯಿ ಬಿಡುತ್ತಿತ್ತು. ಈರಮ್ಮನ ಎದೆ ಕಲ್ಲಾಗಿ, ರವಿಕೆ ತೋಯ್ದು, ಹಿಂಡಿ ಚೆಲ್ಲುವ ಪಾಡಾಗಿತ್ತು.

ಆ ಎರಡು ದಿನದಲ್ಲಿ ಹೊರಗೆ ಬಹಳ ನಡೆದಿತ್ತು. ಮಿಲಿಂದನ ಹುಡುಗರು ಹೋಗಿ ನಾಲ್ಕೂ ಮಷೀನುಗಳನ್ನು ಪುಡಿ ಮಾಡಿದ್ದರು. ಪೆಂಡಾಲಿನಲ್ಲಿ ಸಾವ್ಕಾರನ ಕೊರಳಿನ ಹಾರ ಕಿತ್ತು ಉರಿಯುವ ಟೈರಿಗೆ ಎಸೆದಿದ್ದರು. ನಾಳೆ ತೆಲಂಗಾಣ ಬಂದರೆ ಯಾವ ಯಾವ ಕುರ್ಚಿಯಲ್ಲಿ ಕೂರಬೇಕೆಂದು ಹೊಂಚು ಹಾಕಿದ್ದ ಮನುಷ್ಯ ಅವನು. ಪೆಂಡಾಲು ಹೋಯಿತೆಂದರೆ ಕುರ್ಚಿಯೂ ಹೋಯಿತು.

*

ಮೂರನೆಯ ದಿನ ಮಧ್ಯಾಹ್ನ ಈರಮ್ಮ ಮಾಳಿಗೆಯ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಕೂಸನ್ನು ತೊಡೆಗೆ ಹಾಕಿಕೊಂಡಿದ್ದಳು. ಮೊಗಲಪ್ಪ ಕೆಳಗೆ ಬೇವಿನ ಗಿಡದ ಕಟ್ಟೆಯಲ್ಲಿ ರೊಟ್ಟಿ ಗಂಟು ಬಿಚ್ಚುತ್ತಿದ್ದ. ಬಲಗೈಗೆ ಪಟ್ಟಿ ಕಟ್ಟಿದ್ದರು. ಎಡಗೈಯಿಂದ ಗಂಟು ಬರಲೊಲ್ಲದೆ ಹಲ್ಲಿನಿಂದ ಜಗ್ಗುತ್ತಿದ್ದ.

ಆಗ ಮಂದಾರ ತಲೆ ಹೊರಳಿಸಿದಳು. ಮೂಗಿನಲ್ಲಿ ನಳಿಕೆ ಇದ್ದ ಹಾಗೆಯೇ ಬಾಯಿಯಿಂದ ತಡಕಿ, ಮೊಲೆ ಹಿಡಿದು, ಒಮ್ಮೆ ಜಗ್ಗಿ ಬಿಟ್ಟಳು. ಮತ್ತೆ ಹಿಡಿದಳು. ಈ ಸಲ ಬಿಡಲಿಲ್ಲ. ಗುಟುಕು ಇಳಿದದ್ದು ಈರಮ್ಮನ ಬೆನ್ನುಹುರಿಗೆ ಕೇಳಿಸಿತು.

ಕೆಳಗೆ ಒಂದು ಜೀಪು ನಿಂತಿತು. ಕಾಶಪ್ಪ ಇಳಿದ, ಅವನ ಹಿಂದೆ ಮೂವರು.

"ಬೀಗ ಒಡದ ಕೈ ಯಾವುದಲೇ? ಇದಾ?"

ಮೊಗಲಪ್ಪನನ್ನು ಕಟ್ಟೆಯಿಂದ ಕಾಲು ಹಿಡಿದು ಎಳೆದರು. ರೊಟ್ಟಿ ಮಣ್ಣಿಗೆ ಬಿತ್ತು. ಒಬ್ಬ ಬೆನ್ನ ಮೇಲೆ ಕೂತ. ಇನ್ನೊಬ್ಬ ಪಟ್ಟಿ ಕಟ್ಟಿದ ಕೈಯನ್ನು ಕಟ್ಟೆಯ ಕಲ್ಲಿನ ಮೇಲೆ ಚಾಚಿ ಹಿಡಿದ. ಕಾಶಪ್ಪ ತನ್ನ ಬೂಟಿನ ಹಿಮ್ಮಡಿಯನ್ನು ಅದರ ಮೇಲೆ ಇಟ್ಟು ಒಂದು ಸುತ್ತು ತಿರುಗಿದ, ಬೀಡಿ ತುಂಡು ಹೊಸಕುವ ಹಾಗೆ. ಮೊಗಲಪ್ಪ ಕೂಗಿದ ಕೂಗು ವಾರ್ಡಿನ ಎಲ್ಲ ಮಂಚಗಳಿಗೂ ಮುಟ್ಟಿತು. ಎಲ್ಲರೂ ಕಿಟಕಿಗೆ ಬಂದರು. ಸುಗಲಾಬಾಯಿ ಎದೆ ಬಡಿದುಕೊಳ್ಳುತ್ತ ಮೆಟ್ಟಿಲು ಇಳಿದಳು.

ಈರಮ್ಮ ಏಳಲಿಲ್ಲ.

ಎದ್ದರೆ ಮೊಲೆ ತಪ್ಪುತ್ತಿತ್ತು. ಮೂರು ದಿನ ನೀರಿಲ್ಲದ ಬೇರಿನ ಹಾಗೆ ಕೂಸು ಎಳೆಯುತ್ತಿತ್ತು, ಗುಟುಕು, ಉಸಿರು, ಗುಟುಕು, ಉಸಿರು. ಕೆಳಗೆ ದೊಣ್ಣೆಯ ಏಟು ಬೀಳುತ್ತಿತ್ತು. ಒಂದು ಏಟಿಗೆ ಒಂದು ಗುಟುಕು. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಗಂಡನ ತಲೆ ಕಟ್ಟೆಗೆ ಬಡಿದದ್ದು ನೋಡಿದಳು, ಬಾಯಿಂದ ಹಲ್ಲು ಬಿದ್ದದ್ದು ನೋಡಿದಳು, ಅವನು ಮಣ್ಣಿನಲ್ಲಿ ಬಿದ್ದುಕೊಂಡು ಒಂದೇ ಕಣ್ಣು ತೆರೆದು ಮೇಲೆ ಕಿಟಕಿಯ ಕಡೆ ನೋಡಿದ್ದನ್ನೂ ನೋಡಿದಳು. ಅವಳು ಕೂಸಿನ ತಲೆಯ ಹಿಂದೆ ಅಂಗೈ ಇಟ್ಟು ಎದೆಗೆ ಇನ್ನಷ್ಟು ಒತ್ತಿ ಹಿಡಿದಳು, ಅವನಿಗೆ ಕಾಣುವ ಹಾಗೆ. ತುಟಿ ಕಚ್ಚಿದ್ದಕ್ಕೆ ರಕ್ತ ಗದ್ದಕ್ಕೆ ಇಳಿದು ಕೂಸಿನ ಕೂದಲಿಗೆ ತೊಟ್ಟಿಕ್ಕಿತು.

ಕೂಸು ಒಂದು ಕಡೆಯದು ಖಾಲಿ ಮಾಡಿ, ತಾನೇ ಬಿಟ್ಟು, ನಿದ್ದೆ ಹೋಯಿತು.

ಆಮೇಲೆ ಅವಳು ಎದ್ದಳು. ಆಮೇಲೆ ಅತ್ತಳು.

*

ನಾಲ್ಕನೆಯ ದಿನ ಎರಡು ಥಪ್ಪಿ ಮೇಲೆ ಹನ್ನೆರಡು. ಸೂಜಿ ಚುಚ್ಚಿದಾಗ ಮಂದಾರ ವಾರ್ಡು ನಡುಗುವ ಹಾಗೆ ಅತ್ತಳು. "ಅಳ್ಲಿ ಬಿಡು, ಗಂಟಲ ತೆರದಾದ," ಅಂದಳು ಪ್ರೇಮಲಾ. ಐದನೆಯ ದಿನ ಬೆಳಿಗ್ಗೆ ಎರಡು ಥಪ್ಪಿ ಮೇಲೆ ನಾಲ್ಕು. ಪಕ್ಕೆಲುಬಿನ ಕೆಳಗಿನ ಕುಳಿ ಕಾಣಲಿಲ್ಲ, ಮೂಗಿನ ಹೊಳ್ಳೆ ಅರಳಲಿಲ್ಲ. ಡಾಕ್ಟರು ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ನಳಿಕೆ ತೆಗೆಸಿದರು. "ಇನ್ನ ಎರಡು ದಿನ ಇರಲಿ, ದವಾ ಪೂರಾ ಆಗಬೇಕು," ಅಂದರು. ನಳಿಕೆ ಅಂಟಿಸಿದ್ದ ಪಟ್ಟಿಯ ಗುರುತು ಗಲ್ಲದ ಮೇಲೆ ಕೆಂಪಾಗಿ ಉಳಿದಿತ್ತು. ಮಂದಾರ ತನ್ನ ಕಾಲಿನ ಹೆಬ್ಬೆರಳನ್ನು ಹಿಡಿಯಲು ನೋಡುತ್ತಿದ್ದಳು.

ಹತ್ತು ಗಂಟೆಗೆ ಧನರಾಜ ಸಾವ್ಕಾರ ಬಂದ. ಬಿಳಿ ಅಂಗಿ, ಹಣೆಗೆ ವಿಭೂತಿ. ಜೊತೆಗೆ ಬಂದ ಪೇಪರಿನ ಇಬ್ಬರನ್ನೂ ಒಬ್ಬ ಪೊಲೀಸ್ ಪೇದೆಯನ್ನೂ ವರಾಂಡದಲ್ಲಿ ನಿಲ್ಲಿಸಿ, ಒಬ್ಬನೇ ಒಳಗೆ ಬಂದ. ಮೊಗಲಪ್ಪ ಪಕ್ಕದ ಮಂಚದ ಮೇಲೆ ಮುಖ ಊದಿಸಿಕೊಂಡು ಮಲಗಿದ್ದ. ಸುಗಲಾಬಾಯಿ ನೆಲದಲ್ಲಿ ಕೂತಿದ್ದಳು.

ಸಾವ್ಕಾರ ಮಂಚ ಮುಟ್ಟಲಿಲ್ಲ. ಎರಡು ಮಂಚಗಳ ನಡುವಿನ ಸ್ಟೂಲಿನ ಮೇಲೆ ಹೆಗಲ ವಸ್ತ್ರ ಹಾಸಿಕೊಂಡು ಕೂತ.

"ಕೂಸು ಆರಾಮ ಆತಾ? ಚಲೋ ಆತು. ಈಗ ನಾ ಹೇಳೂದು ಲಕ್ಷ್ಯಗೊಟ್ಟು ಕೇಳು. ಹೋದ ಐತಾರ ರೈಲ್ ಗೇಟಿನ ಹತ್ತಿರ ಪೊಲೀಸರು ಹೊಗಿಗುಂಡು ಹಾರಿಸಿದ್ರು. ನೀ ಅಲ್ಲಿದ್ದಿ, ಕೂಸಿನ ಕಟಿಗೊಂಡು ನನ್ನ ಸಂಗಾಟ ಹೋರಾಟಕ್ಕ ಬಂದಿದ್ದಿ. ಗುಂಡು ಕೂಸಿನ ಬಾಜೂಕ ಬಿತ್ತು. ಹೊಟ್ಟಿ ಸುಟ್ಟಿತು, ಹೊಗಿ ಎದಿಗಿ ಹೋತು. ಕೂಸಿನ ಹೊಟ್ಟಿ ಮ್ಯಾಲ ಸುಟ್ಟ ಗುರ್ತು ಅದಾವಲ್ಲ, ಬಂದೋರಿಗಿ ಅವನ್ನೇ ತೋರಸು. ನಾನೇ ದವಾಖಾನಿಗಿ ತಂದು ಹಾಕ್ದೆ. ಪೇಪರನಾಗ ಇದು ಬಂದ್ರ ಪೆಂಡಾಲಿನವರು ನನ್ನ ಮತ್ತ ಕರೀತಾರ. ಇಷ್ಟೇ."

"ನಾ ಐತಾರ ನಿಮ್ಮ ಬೀಗದಾಗ ಇದ್ದೆ ರಿ," ಅಂದಳು ಈರಮ್ಮ.

"ಬಾಯಿ ಬಂತೇನ?" ಸಾವ್ಕಾರ ನಕ್ಕ. ನಗುತ್ತಲೇ ಆಚೆ ಕೈ ಚಾಚಿ ಮೊಗಲಪ್ಪನ ಪಟ್ಟಿ ಕಟ್ಟಿದ ಕೈಯನ್ನು ಹಿಡಿದ, ನೋಡುವವರಿಗೆ ಸಮಾಧಾನ ಮಾಡುವ ಹಾಗೆ ಕಾಣುವಂತೆ. ಹಿಡಿದು ಹಿಂಡಿದ. ಮೊಗಲಪ್ಪನ ಬೆನ್ನು ಮಂಚದಿಂದ ಮೇಲೆ ಎದ್ದಿತು. ಕೊರಳಿನ ನರ ಹಗ್ಗವಾಯಿತು. ಪಟ್ಟಿಯ ಬಿಳಿಯಲ್ಲಿ ಕೆಂಪು ಅರಳಿತು. "ಹಂಗ ಅನ್ನದಿದ್ರ, ಹೊರಗ ಪೊಲೀಸ ನಿಂತಾನ. ಹಸುಗೂಸಿನ ಸುಟ್ಟು ಕೊಲ್ಲಾಕ ನೋಡಿದ ಮುದುಕಿ ಅಂತ ಬರಸ್ತೀನಿ. ನಿನ್ನ ಅತ್ತಿ ಜೇಲಿನಾಗ ಸಾಯ್ತಾಳ. ನಾ ಹೇಳಿದಂಗ ಅಂದ್ರ, ಇವನ ಕೈ ಹೈದರಾಬಾದಿನಾಗ ನೆಟ್ಟಗ ಮಾಡಸ್ತೀನಿ. ನಿಮ್ಮಂಥೋರಿಗಿ ಇದಕ್ಕಿಂತ ಚಲೋ ಯಾವ ದೇವರು ಬಂದು ಕೇಳ್ತಾನ?"

ಕೈ ಬಿಟ್ಟ. ಬೆರಳುಗಳನ್ನು ವಸ್ತ್ರಕ್ಕೆ ಒರೆಸಿಕೊಂಡು ಬಾಗಿಲ ಕಡೆ ಕರೆದ. "ಬರ್ರಿ, ಬರ್ರಿ."

ಪೇಪರಿನವರು ಬಂದರು. ಒಬ್ಬನ ಕೊರಳಲ್ಲಿ ಕ್ಯಾಮೆರಾ, ಇನ್ನೊಬ್ಬನ ಕೈಯಲ್ಲಿ ಪುಸ್ತಕ. ಪೇದೆ ಬಾಗಿಲಲ್ಲೇ ನಿಂತ. ಸಾವ್ಕಾರ ಎದ್ದು ನಿಂತು ವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಪುಸ್ತಕದವನು ಕೂಸಿನ ಅಂಗಿ ಎತ್ತಿ ಮೂರು ಬರೆ ನೋಡಿ, "ಇದು ಹ್ಯಾಂಗ ಆತು ತಾಯಿ?" ಅಂದ.

ಈರಮ್ಮ ಅತ್ತೆಯ ಕಡೆ ನೋಡಲಿಲ್ಲ. ನೋಡಿದರೆ ಸುಳ್ಳು ಬಾಯಿಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ನೆಲದಲ್ಲಿ ಕೂತಿದ್ದ ಸುಗಲಾಬಾಯಿ ಗೋಡೆ ಹಿಡಿದು ಎದ್ದಳು.

"ನಾ ಸುಟ್ಟೀನಿ," ಅಂದಳು. "ಬರಕೋ ಮಗಾ. ಸುಗಲಾಬಾಯಿ, ಕಂಗ್ಟಿ ಕೇರಿ. ಬಳಿ ಚೂರು ಕಾಸಿ ಈ ಕೈಲೆ ಸುಟ್ಟೀನಿ. ಡಬ್ಬಾ ಆದ್ರ ನಮ್ಮವರು ಹಂಗೇ ಮಾಡ್ತಾರ. ನನಗ ಅಷ್ಟೇ ಬರ್ತಿತ್ತು. ತಪ್ಪಾಗೇದ." ಬಾಗಿಲಲ್ಲಿದ್ದ ಪೇದೆಯ ಕಡೆ ಎರಡೂ ಕೈ ಚಾಚಿದಳು. "ಬಾ, ಕಟ್ಟು. ಮೊದಲ ಅವಗ ಇದನ್ನೂ ಬರಕೋ ಅನ್ನು. ಕೂಸಿನ ಮೂಗಿನಾಗ ಕಲ್ಲಿನ ಹಿಟ್ಟು ಬಂದಾದ. ಅದು ಯಾರ ಬೀಗದಾಗ ಹೋತು ಅಂತ ಕೇಳು. ನಾ ಹೊಟ್ಟಿ ಸುಟ್ಟೆ, ಎದಿ ಯಾರು ಸುಟ್ರು ಕೇಳು."

ಪೇದೆ ಕದಲಲಿಲ್ಲ. ಸಾವ್ಕಾರನ ಮುಖ ನೋಡಿದ. ಪುಸ್ತಕದವನ ಪೆನ್ನು ನಿಂತಿತ್ತು, ಈಗ ಸರಸರ ಓಡತೊಡಗಿತು.

"ಮುದುಕಿಗಿ ಭ್ರಮಿ ಆಗೇದ," ಅಂದ ಸಾವ್ಕಾರ. ಪುಸ್ತಕದವನ ಹೆಗಲ ಮೇಲೆ ಕೈ ಹಾಕಿ, ಪೆನ್ನು ಹಿಡಿದ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿದ. "ಮಾತು ಬಿಡ್ರಿ, ನಾಳಿಗಿ ನೋಡೂಣ. ಈಗ ಒಂದು ಫೋಟೋ. ನಾ ಕೂಸಿನ ಬಾಜೂಕ ನಿಂದ್ರತೀನಿ."

ಕ್ಯಾಮೆರಾದವನು ಅದನ್ನು ಕಣ್ಣಿಗೆ ಹಚ್ಚಿ, ಕೆಳಗಿಳಿಸಿದ. "ಕೂಸು ನಗಾಕತ್ಯಾದಲ್ರಿ ಸಾವ್ಕಾರ್ರ," ಅಂದ.

ನಿಜ. ಮಂದಾರ ಕ್ಯಾಮೆರಾದ ಹೊಳಪಿನ ಕಡೆ ನೋಡಿ ಬೊಚ್ಚು ಬಾಯಿ ತೆರೆದಿದ್ದಳು.

ಸಾವ್ಕಾರ ಸುತ್ತ ನೋಡಿದ. ಮಂಚದ ತಲೆಯ ಹತ್ತಿರ ಸಿಲಿಂಡರು, ಅದಕ್ಕೆ ಸುತ್ತಿಟ್ಟ ನಳಿಕೆ. "ಸಿಸ್ಟರ್, ಆ ನಳಿಕಿ ಮತ್ತ ಹಚ್ರಿ. ಐದು ನಿಮಿಷ."

"ಡಾಕ್ಟರು ತೆಗಿಸ್ಯಾರ್ರಿ," ಅಂದಳು ಪ್ರೇಮಲಾ. "ನಾ ಹಚ್ಚಂಗಿಲ್ಲ."

"ಹಚ್ಚಾಕ ನೀ ಯಾಕ ಬೇಕು? ತಾಯಿ ಹಚ್ತಾಳ." ಸಾವ್ಕಾರ ತಾನೇ ನಳಿಕೆಯನ್ನು ಸಿಲಿಂಡರಿನಿಂದ ಬಿಚ್ಚಿದ. ಈರಮ್ಮನ ಮುಂದೆ ಬಂದು ನಿಂತ. ಅವನ ದನಿ ತಟ್ಟನೆ ತುಪ್ಪದಲ್ಲಿ ಅದ್ದಿ ತೆಗೆದಂತಾಯಿತು. ಆವರೆಗೆ ಮುಟ್ಟದ ಮಂಚವನ್ನು ಮುಟ್ಟಿದ, ಅದರ ಅಂಚಿನಲ್ಲಿ ಕೂತ, ಕೂಸಿನ ಪಾದವನ್ನೂ ಮುಟ್ಟಿದ. "ಯವ್ವಾ ಈರಮ್ಮ. ಅಣ್ಣ ಅಂತ ತಿಳಿ. ಹಿಂದಿನದು ಎಲ್ಲಾ ಬಿಡು. ಮುದುಕಿಗಿ ಪೊಲೀಸ ಮುಟ್ಟಂಗಿಲ್ಲ. ಮೊಗಲಪ್ಪನ ಕೈ ಖರ್ಚು ನಂದು. ನಿನಗ ಗುಡಿಸಲ ಬ್ಯಾಡ, ಪಕ್ಕಾ ಮನಿ. ಏನೂ ಮಾತಾಡಬ್ಯಾಡ, ಸುಳ್ಳೂ ಹೇಳಬ್ಯಾಡ. ಈ ನಳಿಕಿ ಕೂಸಿನ ಮೂಗಿಗಿ ಒಂದು ಸಲ ಇಡು. ಒಂದು ಫೋಟೋ. ಆಮ್ಯಾಲ ತೆಗದುಬಿಡು."

ಸುಗಲಾಬಾಯಿ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಳು. ಪೇದೆ ಸೊಂಟದ ಬೇಡಿಯ ಮೇಲೆ ಕೈ ಇಟ್ಟುಕೊಂಡಿದ್ದ. ಮೊಗಲಪ್ಪ ಊದಿದ ಕಣ್ಣನ್ನು ಸೀಳಿನಷ್ಟು ತೆರೆದ. ಅವನ ಪಟ್ಟಿಯಿಂದ ರಕ್ತ ಮಂಚದ ಕಬ್ಬಿಣಕ್ಕೆ ಇಳಿಯುತ್ತಿತ್ತು.

ಈರಮ್ಮ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಸಾವ್ಕಾರನ ಅಂಗೈಯಲ್ಲಿದ್ದ ನಳಿಕೆಯನ್ನು ನೋಡಿದಳು, ಆಮೇಲೆ ಅವನ ಕಣ್ಣನ್ನೇ ನೋಡಿದಳು.

"ಒಲ್ಲೆ," ಅಂದಳು.